ಊರೆಲ್ಲ ಕೇಳಿತು, ಅಪ್ಪ ಮಾತ್ರ ಏನೂ ಹೇಳಲಿಲ್ಲ

ಗುರುತು ಸಿಗದಿರಲೆಂದು ಈ ಬರಹದಲ್ಲಿ ಊರು, ವಯಸ್ಸು, ಉದ್ಯೋಗ ಮತ್ತು ಹಾಡುಗಳ ವಿವರಗಳನ್ನು ಬದಲಿಸಿದ್ದೇನೆ. ಕೊಡಗಿನಂಥ ಸಣ್ಣ ಜಿಲ್ಲೆಯಲ್ಲಿ ಮನೆಹೆಸರೊಂದು ತಿಳಿದರೆ ಸಾಕು, ಯಾರ ಮಗ, ಯಾವ ತೋಟ ಎಂಬುದೆಲ್ಲ ಹೊರಬೀಳುತ್ತದೆ. ಆದ್ದರಿಂದ ಪ್ರಕರಣಕ್ಕೆ ಬೇಕಿಲ್ಲದ್ದನ್ನೆಲ್ಲ ಕೈಬಿಟ್ಟಿದ್ದೇನೆ. ಇದನ್ನು ಬರೆಯಲು ಆ ಯುವಕರೂ ಅವರ ತಂದೆಯೂ ಒಪ್ಪಿದ್ದಾರೆ.

ಆಪ್ತಸಲಹೆಗೆಂದು ಮಡಿಕೇರಿಗೆ ನನ್ನನ್ನು ಕಾಣಲು ಬಂದ ಈ ಯುವಕರು ಕುಶಾಲನಗರದ ಅಂಗಡಿಯೊಂದರಲ್ಲಿ ಲೆಕ್ಕಪತ್ರ ನೋಡಿಕೊಳ್ಳುತ್ತಾರೆ. ರಾತ್ರಿ ನಿದ್ದೆ ಬರುವುದಿಲ್ಲ, ಕೆಲಸದಲ್ಲಿ ಲೆಕ್ಕ ತಪ್ಪುತ್ತಿದೆ ಎಂಬುದು ಅವರು ಹೇಳಿಕೊಂಡ ತೊಂದರೆ. ಬಹಳ ಹೊತ್ತು ಮಾತನಾಡಿದ ಮೇಲೆ, ತಾವು ಕನ್ನಡದಲ್ಲಿ, ಅಲ್ಲಲ್ಲಿ ಇಲ್ಲಿನ ಆಡುನುಡಿಯಾದ ಅರೆಭಾಷೆ ಬೆರೆಸಿ, ಒಂದು ರ್ಯಾಪ್ ಆಲ್ಬಂ ಮಾಡಿ ಬಿಡುಗಡೆ ಮಾಡಿರುವುದನ್ನೂ, ಅಂದಿನಿಂದಲೇ ನಿದ್ದೆ ಕೆಟ್ಟಿರುವುದನ್ನೂ ಸಂಕೋಚದಿಂದ ಹೇಳಿದರು. ಯಾವ ಕಂಪನಿಯ ಬೆಂಬಲವೂ ಅವರಿಗಿರಲಿಲ್ಲ. ಬೀಟ್‌ಗಳನ್ನು (ಹಿನ್ನೆಲೆಯ ತಾಳ-ಸಂಗೀತವನ್ನು) ಹಣ ಕೊಟ್ಟು ಪಡೆದು, ಮನೆಯ ಕೋಣೆಯಲ್ಲೇ ಮೈಕ್ ಇಟ್ಟು, ಗೋಡೆಗೆ ಕಂಬಳಿ ಕಟ್ಟಿ ಹಾಡಿದ್ದರು. ಮಳೆಗಾಲದಲ್ಲಿ ಶೀಟಿನ ಮಾಡಿನ ಕೆಳಗೆ ಧ್ವನಿಮುದ್ರಣವೆಂದರೆ ಹುಡುಗಾಟವಲ್ಲ; ಮಳೆ ಹೊಳವಾಗುವುದನ್ನು ಕಾಯುತ್ತ ಅರ್ಧರಾತ್ರಿಯಲ್ಲಿ ಎರಡೆರಡು ಸಾಲು ಹಾಡಿಕೊಂಡು ಮುಗಿಸಿದ ಕೆಲಸ ಅದು.

ಹಾಡುಗಳು ಅವರ ಸ್ವಂತ ಬದುಕಿನವು. 2018ರ ಆಗಸ್ಟ್‌ನಲ್ಲಿ ಮಡಿಕೇರಿ ಮತ್ತು ಸೋಮವಾರಪೇಟೆ ತಾಲ್ಲೂಕುಗಳ ಗುಡ್ಡಗಳು ಕುಸಿದಾಗ ಅವರ ತೋಟದ ಒಂದು ಪಾಲು, ಫಸಲು ಕೊಡುತ್ತಿದ್ದ ಕಾಫಿ ಗಿಡಗಳೂ ಮೆಣಸಿನ ಬಳ್ಳಿ ಹಬ್ಬಿದ್ದ ಮರಗಳೂ ಸೇರಿ, ಮಣ್ಣಿನೊಂದಿಗೆ ಕೆಳಗಿಳಿದಿತ್ತು. ತೋಟದ ಮೇಲಿನ ಸಾಲ ಹಾಗೆಯೇ ಉಳಿಯಿತು. ತಂದೆ ಮಾತು ಕಡಿಮೆ ಮಾಡಿದರು, ಕೆಲವು ಕಾಲ ಕುಡಿದರು, ಆಮೇಲೆ ಕುಡಿತ ಬಿಟ್ಟರೂ ಮಾತು ಮರಳಲಿಲ್ಲ. ಮೈಸೂರಿನಲ್ಲಿ ಎಂಜಿನಿಯರಿಂಗ್ ಓದುತ್ತಿದ್ದ ಮಗ ಅರ್ಧಕ್ಕೆ ಬಿಟ್ಟು ಬಂದಾಗ ತಂದೆ ಬೈಯಲೂ ಇಲ್ಲ, ಸಮಾಧಾನ ಹೇಳಲೂ ಇಲ್ಲ. ಆಲ್ಬಂನ ತಿರುಳು ಈ ಮೌನವೇ.

ಕೇಳುಗರ ಪ್ರತಿಕ್ರಿಯೆ ಹಲವು ದಿಕ್ಕಿನಿಂದ ಬಂತು. ಕುಣಿಯಲು ಒಂದಾದರೂ ಹಾಡು ಬೇಡವೇ ಎಂದು ಗೆಳೆಯರು ಕೇಳಿದರು. ಕೊಡಗಿನ ಹುಡುಗ ಹಾಡಿದ್ದಾನೆಂದು ಮಂಜು, ಕಾವೇರಿ, ಕಾಫಿ ಹೂವಿನ ಪರಿಮಳ ಹುಡುಕಿಕೊಂಡು ಬಂದವರು ನಿರಾಶರಾಗಿ, ಇಷ್ಟು ಚೆಂದದ ಊರಿನಲ್ಲಿದ್ದೂ ಅಳುವುದೇಕೆ ಎಂದು ಬರೆದರು. (ಪ್ರವಾಸಿಗರು ಮಾತ್ರವಲ್ಲ, ನಾವು ಇಲ್ಲಿನವರೇ ನಮ್ಮ ಊರನ್ನು ಕ್ಯಾಲೆಂಡರಿನ ಚಿತ್ರವಾಗಿ ನೋಡಲು ಬಯಸುತ್ತೇವೆ ಎಂಬುದು ನನ್ನ ಅನುಭವ.) ಒಬ್ಬರು, ಮೊದಲು ಹೋಗಿ ಡಾಕ್ಟರಿಗೆ ತೋರಿಸಿಕೋ ಎಂದರು. ಇನ್ನು ಕೆಲವರು, ಗುರುತೇ ಇಲ್ಲದ ದೂರದವರು, ಇದು ನನ್ನ ಮನೆಯ ಕಥೆ ಎಂದು ಉದ್ದುದ್ದ ಸಂದೇಶ ಕಳಿಸಿದರು. ಸಾಲದ ಮೊತ್ತವನ್ನು ಹೆಸರಿಸುವ ಹಾಡನ್ನು ಚಿಕ್ಕಪ್ಪ ಕುಟುಂಬದ ವಾಟ್ಸ್‌ಆ್ಯಪ್ ಗುಂಪಿಗೆ ಹಾಕಿ, ಮನೆಯ ಮರ್ಯಾದೆಯನ್ನು ಬೀದಿಗೆ ತಂದಿದ್ದಾನೆ ಎಂದು ಬರೆದರು. ತಂದೆ ಆ ಗುಂಪಿನಲ್ಲಿದ್ದರು. ಸಂದೇಶ ನೋಡಿದ್ದರು. ಏನೂ ಹೇಳಲಿಲ್ಲ.

ಅಲ್ಲಿಂದ ಮುಂದೆ ಯುವಕರ ರಾತ್ರಿಗಳು ಫೋನಿನಲ್ಲಿ ಕಳೆದವು. ಹೆಚ್ಚಿನ ಸ್ಟ್ರೀಮಿಂಗ್ ತಾಣಗಳಲ್ಲಿ ಮೂವತ್ತು ಸೆಕೆಂಡು ದಾಟಿ ಕೇಳಿದರೆ ಒಂದು ಎಣಿಕೆ. ಸ್ಪಾಟಿಫೈನಲ್ಲಾದರೆ, 2024ರಿಂದೀಚೆಗೆ, ಹಿಂದಿನ ಹನ್ನೆರಡು ತಿಂಗಳಲ್ಲಿ ಒಂದು ಹಾಡು 1,000 ಸಲ ಕೇಳಲ್ಪಡದಿದ್ದರೆ ಅದಕ್ಕೆ ರಾಯಧನವೇ ಇಲ್ಲ. ಹಣ ಬರುತ್ತದೆಂಬ ಭ್ರಮೆ ಅವರಿಗಿರಲಿಲ್ಲ. ಆದರೂ ಆ ಸಾವಿರವನ್ನು ಪರೀಕ್ಷೆಯ ಪಾಸು ಅಂಕದಂತೆ ಹಿಡಿದುಕೊಂಡು, ಯಾವ ಹಾಡು ಎಷ್ಟಕ್ಕೆ ನಿಂತಿದೆ ಎಂದು ಬೆಳಗಿನ ಜಾವದವರೆಗೆ ನೋಡುತ್ತಿದ್ದರು.

ಮೊದಲ ಭೇಟಿಯಲ್ಲಿ ಊಟ, ನಿದ್ದೆ, ಕುಡಿತ, ಕೆಲಸದಲ್ಲಿನ ಆಸಕ್ತಿ ಇವುಗಳ ಜೊತೆಗೆ ಸಾಯುವ ಯೋಚನೆ ಬರುತ್ತದೆಯೇ ಎಂದು ನೇರವಾಗಿಯೇ ಕೇಳಿದೆ. ಹೀಗೆ ಕೇಳುವುದರಿಂದ ಇಲ್ಲದ ಯೋಚನೆ ಹುಟ್ಟುತ್ತದೆ ಎಂಬ ಭಯ ನಮ್ಮಲ್ಲಿ ವ್ಯಾಪಕವಾಗಿದೆ, ಅದು ನಿಜವಲ್ಲ. ಅವರಿಗೆ ಅಂಥ ಯೋಚನೆ ಇರಲಿಲ್ಲ. ಖಿನ್ನತೆಯ ಕೆಲವು ಲಕ್ಷಣಗಳಿದ್ದುದರಿಂದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ಮನೋವೈದ್ಯರನ್ನು ಒಮ್ಮೆ ಕಾಣುವಂತೆ ಹೇಳಿದೆ; ಅವರು ಔಷಧಿ ಬೇಡ, ಆಪ್ತಸಲಹೆ ಮುಂದುವರಿಯಲಿ ಎಂದರು.

ಮಾತುಕತೆಯ ಹೆಚ್ಚಿನ ಪಾಲು ಎರಡು ವಿಷಯಗಳಿಗೆ ಹೋಯಿತು. ಒಂದು, ಆ ಕಾಮೆಂಟುಗಳು ಯಾರನ್ನು ಕುರಿತವು ಎಂಬುದು. ಸಿನಿಮಾ ಹಾಡಿನಲ್ಲಿ ಬರೆಯುವವರು ಒಬ್ಬರು, ಹಾಡುವವರು ಇನ್ನೊಬ್ಬರು, ತುಟಿಯಾಡಿಸುವವರು ಮತ್ತೊಬ್ಬರು. ಅಲ್ಲಿ ಬರುವ ‘ನಾನು’ ಕಥೆಯೊಳಗಿನ ಪಾತ್ರಕ್ಕೆ ಸೇರಿದ್ದು ಎಂದು ಎಲ್ಲರಿಗೂ ಗೊತ್ತು. ರ್ಯಾಪ್‌ನಲ್ಲಿ ಬರೆದವರೇ ಹಾಡುವವರಾದ್ದರಿಂದ ಕೇಳುಗರು ಹಾಡನ್ನು ಬಿಟ್ಟು ಮನುಷ್ಯನಿಗೇ ಉತ್ತರಿಸುತ್ತಾರೆ, ಹಾಡಿದವರೂ ಆ ಉತ್ತರವನ್ನು ತಮ್ಮ ಬದುಕಿನ ಮೇಲಿನ ತೀರ್ಪಾಗಿ ಓದಿಕೊಳ್ಳುತ್ತಾರೆ. ಆದರೆ ಆಲ್ಬಂನ ‘ನಾನು’ ಪ್ರಾಸಕ್ಕೆ, ತಾಳಕ್ಕೆ, ಮೂರು ನಿಮಿಷದ ಅಳತೆಗೆ ಕೆತ್ತಿದ ‘ನಾನು’. ಇದನ್ನು ಬಾಯಲ್ಲಿ ಹೇಳಿದರೆ ಸಾಲದೆಂದು, ಬಂದ ಪ್ರತಿಕ್ರಿಯೆಗಳನ್ನೆಲ್ಲ ಒಂದು ಪುಸ್ತಕಕ್ಕೆ ಇಳಿಸಿ, ಕಸುಬಿನ ಬಗ್ಗೆ ಹೇಳಿದವು, ವ್ಯಕ್ತಿಯ ಬಗ್ಗೆ ಹೇಳಿದವು, ಕೇಳುಗರು ತಮ್ಮದೇ ಕಥೆ ಹೇಳಿಕೊಂಡವು ಎಂದು ಬೇರ್ಪಡಿಸಲು ತಿಳಿಸಿದೆ. ಅವರನ್ನು ಬಹಳ ನೋಯಿಸಿದ್ದ ‘ಏನು ಹೇಳ್ತಿದ್ದೀಯೋ ಕೇಳಿಸೋದೇ ಇಲ್ಲ’ ಎಂಬ ಮಾತು ಕಸುಬಿನ ಪಟ್ಟಿಗೆ ಸೇರಿತು. ನಾವಿಬ್ಬರೂ ಕೂತು ಕೇಳಿದಾಗ ಅದು ಸರಿಯೇ ಆಗಿತ್ತು: ಬೀಟ್‌ನ ಕೆಳಗೆ ದನಿ ಹೂತುಹೋಗಿತ್ತು. ತಂದೆಗೆ ಕೇಳಿಸಬಾರದೆಂದೇ ದನಿಯನ್ನು ತಗ್ಗಿಸಿದ್ದಾರೆ ಎಂದು ಅರ್ಥ ಕಟ್ಟುವ ಆಸೆ ನನಗಾಯಿತೆಂಬುದು ನಿಜ, ಆದರೆ ಕಡಿಮೆ ಬೆಲೆಯ ಹೆಡ್‌ಫೋನಿನಲ್ಲಿ ಮಿಕ್ಸಿಂಗ್ ಮಾಡಿದರೆ ಹಾಗಾಗುತ್ತದೆ ಎಂದು ಅವರೇ ಹೇಳಿದರು, ನಾನು ಒಪ್ಪಿಕೊಂಡೆ.

ಎರಡನೆಯದು ತಂದೆಯ ವಿಷಯ. ಎಷ್ಟು ಜನ ಮೆಚ್ಚಿದರೂ ಇವರಿಗೆ ತೃಪ್ತಿಯಾಗದಿರಲು, ಒಬ್ಬರು ಚುಚ್ಚಿದರೂ ತಡೆಯಲಾಗದಿರಲು ಕಾರಣ ಒಂದೇ ಎಂದು ನನಗೆ ಅನ್ನಿಸಿತು. ಅಪ್ಪನೊಬ್ಬರಿಗೆ ಕೇಳಬೇಕಾಗಿದ್ದ ಪ್ರಶ್ನೆಯನ್ನು ಅವರು ಮೈಕಿನ ಮುಂದೆ ಕೇಳಿದ್ದರು. ಉತ್ತರ ಬಂದದ್ದು ಪ್ರಶ್ನೆಗೆ ಸಂಬಂಧವೇ ಇಲ್ಲದ ಎಷ್ಟೋ ಜನರಿಂದ. ಎಣಿಕೆ ಎಷ್ಟೇ ಏರಿದರೂ ಅದು ಆ ಒಬ್ಬರ ಉತ್ತರವಾಗುವುದಿಲ್ಲ. ಇದನ್ನು ಹೇಳಿದಾಗ ಅವರು ಬಹಳ ಹೊತ್ತು ಸುಮ್ಮನಿದ್ದು, ಕೊನೆಗೆ, ‘ಅಪ್ಪನ ಹತ್ರ ಕೂತು ಮಾತಾಡೋದು ನಮ್ಮ ಮನೇಲಿ ಇಲ್ಲ ಮೇಡಂ’ ಎಂದರು.

ಚಿಕ್ಕಪ್ಪನ ಸಿಟ್ಟಿನಲ್ಲಿಯೂ ಒಂದು ನ್ಯಾಯವಿದೆ ಎಂದು ನಾನು ಹೇಳಿದೆ. ಮಗನ ನೋವು ಮಗನದು, ಅದನ್ನು ಹಾಡಲು ಯಾರ ಅಪ್ಪಣೆಯೂ ಬೇಕಿಲ್ಲ; ಸಾಲದ ಮೊತ್ತ ಮತ್ತು ಕುಡಿತ ತಂದೆಯವು, ಅವನ್ನು ಕೇಳದೆ ಊರಿಗೆ ಹೇಳುವಂತಿಲ್ಲ. ಎದುರುಬದುರು ಕೂತು ಮಾತನಾಡುವ ರೂಢಿ ಇಲ್ಲದ ಮನೆಯಲ್ಲಿ ಕೆಲಸದ ನಡುವೆಯೇ ಮಾತು ತೆಗೆಯುವುದು ಸುಲಭ. ಅದು ಅರೇಬಿಕಾ ಕೊಯ್ಲಿನ ಕಾಲ. ಕಣದಲ್ಲಿ ಹಣ್ಣು ಹರಡಿ ತಿರುವಿ ಹಾಕುವಾಗ ಇಬ್ಬರ ಕಣ್ಣೂ ನೆಲದ ಮೇಲಿರುತ್ತದೆ. ಕ್ಷಮೆಯ ಭಾಷಣ ಬೇಡ, ಹಾಡು ಕೇಳಿ ಎಂಬ ಒತ್ತಾಯವೂ ಬೇಡ, ‘ಆ ಹಾಡಲ್ಲಿ ನಿಮಗೆ ಬೇಡವಾದದ್ದು ಯಾವುದು’ ಎಂಬ ಒಂದೇ ಪ್ರಶ್ನೆ ಸಾಕು, ಉತ್ತರ ಅಂದೇ ಬರದಿದ್ದರೆ ಮತ್ತೆ ಕೆದಕಬೇಡಿ ಎಂದು ಸಲಹೆ ಕೊಟ್ಟೆ. ಫೋನಿನ ವಿಷಯದಲ್ಲಿ ಹೇಳಿದ್ದು ಕಡಿಮೆ: ಎಣಿಕೆಯ ಆ್ಯಪ್ ತೆಗೆದುಹಾಕಿ, ವಾರಕ್ಕೊಮ್ಮೆ ಭಾನುವಾರ ಹಗಲು ನೋಡುವುದು, ಮಲಗುವ ಕೋಣೆಗೆ ಫೋನ್ ಒಯ್ಯದಿರುವುದು.

ಈ ನಡುವೆ ನಾನು ನಿರೀಕ್ಷಿಸದ ಒಂದು ಸಂಗತಿ ಎದುರಾಯಿತು. ಹಾಡು ಕೇಳಿದ ವಿದ್ಯಾರ್ಥಿಯೊಬ್ಬರು, ನನಗೂ ಸಾಕಾಗಿದೆ, ಇನ್ನು ಇರುವುದರಲ್ಲಿ ಅರ್ಥವಿಲ್ಲ ಎಂದು ರಾತ್ರಿ ಇವರಿಗೆ ಬರೆದಿದ್ದರು. ಇವರು ಬೆಳಗಾಗುವವರೆಗೆ ಉತ್ತರಿಸುತ್ತ ಕುಳಿತು, ಮರುದಿನ ನಡುಗುತ್ತ ನನಗೆ ಫೋನ್ ಮಾಡಿದರು. ಅಂತರಂಗದ ಹಾಡು ಹಾಡುವವರೆಲ್ಲರಿಗೂ ಇಂಥ ಸಂದೇಶ ಬರಬಹುದಾದ್ದರಿಂದ ಇಲ್ಲಿ ಕೊಟ್ಟ ಸಲಹೆಯನ್ನು ತುಸು ವಿವರವಾಗಿ ಬರೆಯುತ್ತೇನೆ. ಸಾಯುವ ಯೋಚನೆ ಇದೆಯೇ, ಈಗ ಎಲ್ಲಿದ್ದೀರಿ, ಪಕ್ಕದಲ್ಲಿ ಯಾರಿದ್ದಾರೆ ಎಂದು ಸ್ಪಷ್ಟವಾಗಿ ಕೇಳಬೇಕು. ಯಾರಿಗೂ ಹೇಳುವುದಿಲ್ಲ ಎಂಬ ಭಾಷೆ ಕೊಡಬಾರದು. ಸರ್ಕಾರದ ಟೆಲಿ ಮನಸ್ ಸಹಾಯವಾಣಿ 14416 ಹಗಲಿರುಳೂ ಉಚಿತವಾಗಿ ದೊರೆಯುತ್ತದೆ, ಕನ್ನಡದಲ್ಲಿಯೂ ಮಾತನಾಡಬಹುದು. ಆ ಸಂಖ್ಯೆ ಕೊಟ್ಟು, ಹತ್ತಿರದ ನಂಬಿಕೆಯ ಒಬ್ಬರಿಗೆ ವಿಷಯ ತಿಳಿಯುವಂತೆ ನೋಡಿಕೊಳ್ಳಬೇಕು. ಅಪಾಯ ಕೂಡಲೇ ಇದೆ ಎನಿಸಿದರೆ 112. ಇಷ್ಟಾದ ಮೇಲೆ ಹಾಡಿದವರ ಹೊಣೆ ಮುಗಿಯಿತು; ಅಪರಿಚಿತರ ಪ್ರಾಣವನ್ನು ರಾತ್ರಿಯಿಡೀ ಒಬ್ಬರೇ ಫೋನಿನಲ್ಲಿ ಕಾಯುವುದು ತರಬೇತಿ ಪಡೆದವರಿಗೂ ಆಗದ ಕೆಲಸ. ಆ ವಿದ್ಯಾರ್ಥಿಯ ಅಕ್ಕನಿಗೆ ವಿಷಯ ತಿಳಿಸಿ, ಚಿಕಿತ್ಸೆಗೆ ಸೇರಿಸಲು ಸಾಧ್ಯವಾಯಿತು. ಆಲ್ಬಂನ ಪ್ರತಿಯೊಂದು ಹಾಡಿನ ವಿವರಣೆಯಲ್ಲಿ ಈಗ 14416 ಇದೆ.

ತಂದೆಯ ಉತ್ತರ ತಡವಾಗಿ ಬಂತು. ಕಣದಲ್ಲಿ ಪ್ರಶ್ನೆ ಕೇಳಿದ ದಿನ ಅವರು ಕೈಯಲ್ಲಿದ್ದ ಹಲಗೆಯನ್ನು ನಿಲ್ಲಿಸಲೂ ಇಲ್ಲವಂತೆ. ಕೆಲವು ದಿನಗಳ ಮೇಲೆ ಊಟಕ್ಕೆ ಕೂತಾಗ, ಕುಡಿದದ್ದನ್ನು ಹೇಳಿದರೆ ಹೇಳಿಕೋ, ಅದು ಊರಿಗೇ ಗೊತ್ತು, ಸಾಲದ ಲೆಕ್ಕವನ್ನು ಮಾತ್ರ ತೆಗೆ, ಬ್ಯಾಂಕಿನವರ ಮುಂದೆ ನಾನು ತಲೆಯೆತ್ತಿ ಹೋಗಬೇಕು ಎಂದರಂತೆ. ಹಾಡು ಹೇಗಿದೆ ಎಂದು ಅವರು ಹೇಳಲಿಲ್ಲ, ಮಗ ಕೇಳಲಿಲ್ಲ.

ಒಂದು ಸಾಲು ಬದಲಿಸುವುದೆಂದರೆ ಹೊಸ ಧ್ವನಿಮುದ್ರಣ, ಅದಕ್ಕೆ ಪ್ರತಿ ಮುದ್ರಣವನ್ನೂ ಗುರುತಿಸುವ ಹೊಸ ಐಎಸ್‌ಆರ್‌ಸಿ ಸಂಖ್ಯೆ. ಹಳೆಯದನ್ನು ತೆಗೆದು ಹೊಸದನ್ನು ಹಾಕಿದಾಗ ಎಣಿಕೆ ಸೊನ್ನೆಯಿಂದ ಮೊದಲಾಗುತ್ತದೆ. ಅಷ್ಟರಲ್ಲಿ ಆಲ್ಬಂನಲ್ಲಿ ಸಾವಿರ ದಾಟಿದ್ದುದು ಅದೊಂದೇ ಹಾಡು. ಏನು ಮಾಡಬೇಕೆಂದು ಅವರು ನನ್ನನ್ನು ಕೇಳಲಿಲ್ಲ, ಬದಲಿಸಿದ ಮೇಲೆ ಬಂದು ತಿಳಿಸಿದರು. ಹೊಸದರಲ್ಲಿ ದನಿಯನ್ನು ಬೀಟ್‌ಗಿಂತ ಮೇಲೆತ್ತಿದ್ದಾರೆ. ನಿದ್ದೆ ಸುಮಾರಾಗಿ ಸರಿಹೋಗಿದೆ. ಚಿಕ್ಕಪ್ಪನೊಂದಿಗೆ ಇನ್ನೂ ಮಾತಿಲ್ಲ. ರೋಬಸ್ಟಾ ಕೊಯ್ಲು ಮುಗಿದ ಮೇಲೆ ಮತ್ತೊಮ್ಮೆ ಬರಲು ಹೇಳಿದ್ದೇನೆ.