ವಾರ್ಡಿನಿಂದ ಬಂದ ಕೂಡಲೇ ಮೊಬೈಲ್: ಇದು ಚಟವೇ?

ಪ್ರಶ್ನೆ: ನಾನು ನರ್ಸಿಂಗ್ ಎರಡನೇ ವರ್ಷದ ವಿದ್ಯಾರ್ಥಿನಿ. ವಾರ್ಡ್ ಡ್ಯೂಟಿ ಮುಗಿಸಿ ಹಾಸ್ಟೆಲ್‌ಗೆ ಬಂದು, ಐದೇ ನಿಮಿಷವೆಂದು ಮೊಬೈಲ್ ಹಿಡಿದರೆ ಊಟದ ಹೊತ್ತು ಮೀರಿರುತ್ತದೆ. ರಾತ್ರಿ ಎರಡರವರೆಗೂ ರೀಲ್ಸ್ ನೋಡಿ ಬೆಳಿಗ್ಗೆ ತೂಕಡಿಸುತ್ತೇನೆ. ಮೊದಲ ವರ್ಷದಲ್ಲಿ ಹೀಗಿರಲಿಲ್ಲ. ಸಹಪಾಠಿಗಳಲ್ಲಿ ಹಲವರ ಪಾಡೂ ಇದೇ. ಇದು ಚಟವೇ? ನಮ್ಮಂಥವರಲ್ಲಿ ಇದಕ್ಕೆ ಕಾರಣವೇನು?

ಉತ್ತರ: ‘ಮೊದಲ ವರ್ಷದಲ್ಲಿ ಹೀಗಿರಲಿಲ್ಲ’ ಎಂಬ ನಿಮ್ಮ ಮಾತೇ ಅರ್ಧ ಉತ್ತರವನ್ನು ಹೇಳುತ್ತದೆ. ಮೊಬೈಲ್ ಆಗಲೂ ನಿಮ್ಮ ಕೈಯಲ್ಲಿತ್ತು. ನಡುವೆ ಹೆಚ್ಚಿದ್ದು ವಾರ್ಡಿನ ಹೊರೆ. ಆದ್ದರಿಂದ ಅಲ್ಲಿಂದ ನೀವು ಏನನ್ನು ಹೊತ್ತು ತರುತ್ತಿದ್ದೀರಿ ಎಂಬುದನ್ನು ಮೊದಲು ನೋಡೋಣ.

ಇಪ್ಪತ್ತರ ಆಸುಪಾಸಿನ ವಯಸ್ಸಿನಲ್ಲಿ, ಬೇರೆ ಕೋರ್ಸುಗಳ ಗೆಳೆಯರು ತರಗತಿಯಲ್ಲಿ ಕುಳಿತಿರುವಾಗ, ನೀವು ನರಳುವವರ ಗಾಯಕ್ಕೆ ಡ್ರೆಸ್ಸಿಂಗ್ ಮಾಡುತ್ತೀರಿ, ನಿನ್ನೆ ಮಾತನಾಡಿಸಿದ ರೋಗಿಯ ಮಂಚ ಇಂದು ಖಾಲಿಯಾಗಿರುವುದನ್ನು ಕಾಣುತ್ತೀರಿ, ಹಿರಿಯರಿಂದ ಬೈಸಿಕೊಂಡರೂ ರೋಗಿಯ ಮುಂದೆ ಮುಖ ಬಾಡದಂತೆ ನೋಡಿಕೊಳ್ಳುತ್ತೀರಿ. ರೋಗಿಯ ಆರೈಕೆಯ ಯೋಜನೆಯನ್ನು ಬರೆದಿಡುವ ಕೇರ್ ಪ್ಲಾನ್‌ನಲ್ಲಿ ಅವರ ಆತಂಕವನ್ನು ದಾಖಲಿಸಲು ಕಲಿಸುತ್ತಾರೆ. ಬರೆಯುವವರ ಆತಂಕಕ್ಕೆ ಅಲ್ಲಿ ಕಾಲಂ ಇಲ್ಲ. ಹೀಗೆ ಹೇಳಿಕೊಳ್ಳಲಾಗದ ದುಗುಡವನ್ನು ಮರೆಸುವ, ಯಾರ ಅಪ್ಪಣೆಯೂ ಬೇಡದ ಸಾಧನವಾಗಿ ಮೊಬೈಲ್ ಒದಗಿಬರುತ್ತದೆ. ನರ್ಸಿಂಗ್ ವಿದ್ಯಾರ್ಥಿಗಳ ಕುರಿತ ಅಧ್ಯಯನಗಳಲ್ಲಿ ಒತ್ತಡ, ಒಂಟಿತನ ಮತ್ತು ಕೆಟ್ಟ ನಿದ್ರೆ ಈ ಗೀಳಿನ ಜೊತೆಗೇ ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತವೆ. ಆದರೆ ಅವುಗಳಲ್ಲಿ ಹೆಚ್ಚಿನವು ಒಂದೇ ಬಾರಿ ಪ್ರಶ್ನಾವಳಿ ಹಂಚಿ ಮಾಡಿದವು. ಹಾಗಾಗಿ ಒತ್ತಡವೇ ಮೊಬೈಲಿನತ್ತ ತಳ್ಳಿತೋ, ಮೊಬೈಲೇ ಒತ್ತಡವನ್ನು ಹೆಚ್ಚಿಸಿತೋ ಎಂಬುದನ್ನು ಅವು ತೀರ್ಮಾನಿಸಲಾರವು. ಎರಡೂ ಒಂದನ್ನೊಂದು ಬೆಳೆಸುತ್ತವೆ ಎಂಬುದು ನನ್ನ ಅಭಿಪ್ರಾಯ.

ಇದಕ್ಕೆ ಪಾಳಿಯೂ ಸೇರುತ್ತದೆ. ಡ್ಯೂಟಿಯ ವೇಳೆ ಬದಲಾದಂತೆಲ್ಲ ದೇಹದ ಗಡಿಯಾರ ತಪ್ಪುತ್ತದೆ. ಮಲಗುವ ಹೊತ್ತಿನಲ್ಲಿ ಕಣ್ಣಿಗೆ ಬೀಳುವ ಪರದೆಯ ಬೆಳಕು ನಿದ್ರೆಗೆ ಅಣಿಗೊಳಿಸುವ ಮೆಲಟೋನಿನ್ ಹಾರ್ಮೋನನ್ನು ತಗ್ಗಿಸಿ ನಿದ್ರೆಯನ್ನು ಇನ್ನೂ ಮುಂದೂಡುತ್ತದೆ. ನಿದ್ರೆಗೆಟ್ಟವರಿಗೆ ಮರುದಿನ ತಮ್ಮನ್ನು ತಾವು ತಡೆದುಕೊಳ್ಳುವುದು ಮತ್ತಷ್ಟು ಕಷ್ಟ. ರೀಲ್ಸ್‌ನ ಸೆಳೆತವಂತೂ ಮುಂದಿನದು ಹಿಡಿಸೀತೋ ಇಲ್ಲವೋ ಎಂಬ ಅನಿಶ್ಚಯದಲ್ಲಿಯೇ ಇದೆ. ಯಾವಾಗ ಕಾಳು ಸಿಗುವುದೆಂದು ತಿಳಿಯದ ಪಾರಿವಾಳ ಬಿಡದೆ ಕುಕ್ಕುತ್ತಲೇ ಇರುತ್ತದೆಂದು ಮನಶ್ಶಾಸ್ತ್ರಜ್ಞ ಬಿ. ಎಫ್. ಸ್ಕಿನ್ನರ್ ಎಷ್ಟೋ ಹಿಂದೆಯೇ ತೋರಿಸಿದ್ದರು. ಮೇಲಾಗಿ ಡ್ಯೂಟಿ ಪಟ್ಟಿ, ನೋಟ್ಸ್, ಔಷಧಗಳ ಮಾಹಿತಿ ಎಲ್ಲವೂ ಅದರಲ್ಲಿಯೇ ಇರುವುದರಿಂದ, ನಿಮಗೆ ಅದನ್ನು ಪೂರ್ತಿ ಬಿಟ್ಟುಬಿಡುವ ದಾರಿಯೂ ಇಲ್ಲ.

ಇದು ಚಟವೇ ಎಂದು ಕೇಳಿದ್ದೀರಿ. 2022ರಿಂದ ಜಾರಿಯಲ್ಲಿರುವ ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ವರ್ಗೀಕರಣದಲ್ಲಿ ಗೇಮಿಂಗ್ ಗೀಳಿಗೆ ಸ್ಥಾನವಿದೆ, ಮೊಬೈಲ್ ಚಟಕ್ಕೆ ಪ್ರತ್ಯೇಕ ಹೆಸರಿಲ್ಲ. 2013ರಲ್ಲಿ ದಕ್ಷಿಣ ಕೊರಿಯಾದ ಸಂಶೋಧಕರು ಹದಿಹರೆಯದವರ ಮೊಬೈಲ್ ಗೀಳನ್ನು ಅಳೆಯಲು ರೂಪಿಸಿದ 10 ಹೇಳಿಕೆಗಳ ಪ್ರಶ್ನಾವಳಿಯನ್ನು ಹಲವೆಡೆ ಬಳಸುತ್ತಾರೆ. ಆದರೆ ಅದರ ಅಂಕ ಎಚ್ಚರಿಕೆಯ ಸೂಚನೆಯೇ ಹೊರತು ರೋಗನಿರ್ಣಯವಲ್ಲ. ಗಂಟೆಗಳ ಲೆಕ್ಕಕ್ಕಿಂತ, ಬಿಡಬೇಕೆಂದರೂ ಬಿಡಲಾಗದಿರುವುದು ಮತ್ತು ಅದರಿಂದ ನಿದ್ರೆ, ಓದು, ಡ್ಯೂಟಿ ಕೆಡುವುದು ಮುಖ್ಯ. ನಿಮ್ಮಲ್ಲಿ ಅದು ಶುರುವಾಗಿದೆ.

ಡ್ಯೂಟಿ ಮುಗಿದ ಮೇಲಿನ ಮೊದಲ ಅರ್ಧ ಗಂಟೆಯನ್ನು ಮೊಬೈಲಿಗೆ ಕೊಡದೆ, ಅದೇ ಪಾಡಿನಲ್ಲಿರುವ ಒಬ್ಬ ಸಹಪಾಠಿಯೊಂದಿಗೆ ಅಂದಿನ ವಾರ್ಡಿನ ಬಗ್ಗೆ ಮಾತನಾಡಿ. ಎಬ್ಬಿಸಲು ಸಾಧಾರಣ ಅಲಾರಾಂ ಗಡಿಯಾರವೊಂದನ್ನಿಟ್ಟುಕೊಂಡು ಮೊಬೈಲನ್ನು ಹಾಸಿಗೆಗೆ ಎಟುಕದಷ್ಟು ದೂರ ಚಾರ್ಜಿಗೆ ಹಾಕಿ. ಡ್ಯೂಟಿ ಪಟ್ಟಿಯ ಗುಂಪೊಂದನ್ನು ಬಿಟ್ಟು ಉಳಿದವುಗಳ ಸದ್ದನ್ನು ನಿಲ್ಲಿಸಿ. ತೂಕಡಿಕೆಯಲ್ಲಿ ಔಷಧದ ಪ್ರಮಾಣ ತಪ್ಪುವ ಅಪಾಯವಿದೆ. ಅಂಥ ದಿನ ಲೆಕ್ಕವನ್ನು ಇನ್ನೊಬ್ಬರಿಂದ ಪರಿಶೀಲಿಸಿಕೊಳ್ಳಲು ಸಂಕೋಚಪಡಬೇಡಿ. ಇಷ್ಟಾದರೂ ಎರಡು ವಾರಗಳಲ್ಲಿ ನಿದ್ರೆ ಸರಿಯಾಗದಿದ್ದರೆ ಅಥವಾ ಯಾವುದರಲ್ಲೂ ಮನಸ್ಸು ನಿಲ್ಲದಂತಾದರೆ, ಆಪ್ತಸಮಾಲೋಚಕರನ್ನು ಕಾಣಿ; ಆಗ ಮೊಬೈಲಿನ ವಿಷಯಕ್ಕಿಂತ ಮೊದಲು ವಾರ್ಡಿನ ವಿಷಯವನ್ನೇ ಹೇಳಿ.