ಪರಮಾಣು ಗಡಿಯಾರ ಸರಿಯಾಗಿದೆಯೇ ಎಂದು ಯಾವ ಗಡಿಯಾರ ನೋಡಿ ಹೇಳುತ್ತಾರೆ?

ಕೈಗಡಿಯಾರವನ್ನು ಮೊಬೈಲ್ ನೋಡಿ ಸರಿಪಡಿಸಿಕೊಳ್ಳುತ್ತೇವೆ, ಮೊಬೈಲಿನ ಸಮಯ ಪರಮಾಣು ಗಡಿಯಾರದಿಂದ ಬರುತ್ತದೆ, ಹಾಗಾದರೆ ಪರಮಾಣು ಗಡಿಯಾರವನ್ನು ಸರಿಪಡಿಸುವುದು ಯಾವುದನ್ನು ನೋಡಿ ಎಂದು ಕೇಳಿದ್ದೀರಿ. ಭೌತವಿಜ್ಞಾನ ಕಲಿಸುವ ನನಗೆ ತುಂಬಾ ಇಷ್ಟವಾದ ಪ್ರಶ್ನೆ ಇದು.

ಅದಕ್ಕಿಂತ ಮೇಲೆ ಇನ್ನೊಂದು ಗಡಿಯಾರವಿಲ್ಲ. ಹಿಂದೆ ಭೂಮಿಯ ಚಲನೆಯೇ ಅಳತೆಗೋಲಾಗಿತ್ತು. ಆದರೆ ಭೂಮಿ ತಿರುಗುವ ವೇಗ ಒಂದೇ ಸಮನಾಗಿಲ್ಲ; ಚಂದ್ರನ ಸೆಳೆತದಿಂದಾಗುವ ಉಬ್ಬರವಿಳಿತ ಅದನ್ನು ತಡೆಯುತ್ತಲೇ ಇರುತ್ತದೆ. 1955ರಲ್ಲಿ ಇಂಗ್ಲೆಂಡಿನ ಟೆಡಿಂಗ್ಟನ್‌ನಲ್ಲಿ ಲೂಯಿ ಎಸ್ಸೆನ್ ಮತ್ತು ಜಾಕ್ ಪ್ಯಾರಿ ಸೀಸಿಯಂ ಎಂಬ ಲೋಹದ ಪರಮಾಣುಗಳನ್ನು ಬಳಸುವ ಗಡಿಯಾರವನ್ನು ನಡೆಸಿ ತೋರಿಸಿದರು. 1967ರಲ್ಲಿ ಸೆಕೆಂಡಿನ ವ್ಯಾಖ್ಯೆಯೇ ಬದಲಾಯಿತು: ಸೀಸಿಯಂ-133 ಪರಮಾಣುವನ್ನು ಒಂದು ಶಕ್ತಿಮಟ್ಟದಿಂದ ಪಕ್ಕದ ಮಟ್ಟಕ್ಕೆ ದಾಟಿಸುವ ಮೈಕ್ರೊವೇವ್ 9,192,631,770 ಬಾರಿ ಕಂಪಿಸಲು ಹಿಡಿಯುವ ಕಾಲವೇ ಒಂದು ಸೆಕೆಂಡ್.

ಹಾಗಾಗಿ ಉಳಿಯುವುದು ಒಂದೇ ಅನುಮಾನ: ನಮ್ಮ ಯಂತ್ರ ಈ ವ್ಯಾಖ್ಯೆಗೆ ಎಷ್ಟು ಹತ್ತಿರವಿದೆ? ಇಂದಿನ ಸೀಸಿಯಂ ಕಾರಂಜಿ ಗಡಿಯಾರವನ್ನೇ ನೋಡಿ. ಲೇಸರ್ ಬೆಳಕಿನಿಂದ ಪರಮಾಣುಗಳ ಓಡಾಟವನ್ನು ತಗ್ಗಿಸಿ, ನಿರಪೇಕ್ಷ ಶೂನ್ಯದ (ಅಂದರೆ ಸಾಧ್ಯವಿರುವ ಅತಿ ಕಡಿಮೆ ತಾಪಮಾನದ) ಸಮೀಪಕ್ಕೆ ತಣಿಸಿ, ನಿರ್ವಾತ ಕೊಳವೆಯಲ್ಲಿ ಚೆಂಡಿನಂತೆ ಮೇಲಕ್ಕೆ ಎಸೆಯುತ್ತಾರೆ. ಏರುವಾಗ ಒಮ್ಮೆ, ಇಳಿಯುವಾಗ ಒಮ್ಮೆ ಅವು ಮೈಕ್ರೊವೇವ್ ಕೋಶವನ್ನು ಹಾದುಹೋಗುತ್ತವೆ. ಕೆಳಗೆ ಬಂದಾಗ ಎಷ್ಟು ಪರಮಾಣುಗಳು ಮಟ್ಟ ಬದಲಿಸಿವೆ ಎಂದು ಎಣಿಸಿ, ಅದು ಅತಿ ಹೆಚ್ಚಾಗುವವರೆಗೆ ಮೈಕ್ರೊವೇವಿನ ಕಂಪನಾಂಕವನ್ನು, ಅಂದರೆ ಅದು ಸೆಕೆಂಡಿಗೆ ಎಷ್ಟು ಬಾರಿ ಕಂಪಿಸುತ್ತದೆ ಎಂಬುದನ್ನು, ಹೊಂದಿಸುತ್ತಾರೆ. ಆಮೇಲೆ ಶುರುವಾಗುವುದು ನಿಜವಾದ ದುಡಿಮೆ. ಸುತ್ತಲಿನ ಕಾಂತಕ್ಷೇತ್ರ, ಕೊಳವೆಯ ಗೋಡೆಯ ಬಿಸಿ, ಪರಮಾಣುಗಳ ಪರಸ್ಪರ ಡಿಕ್ಕಿ, ಪ್ರತಿಯೊಂದೂ ಕಂಪನಾಂಕವನ್ನು ಎಷ್ಟು ಕದಲಿಸಿತು ಎಂದು ಲೆಕ್ಕ ಹಾಕಿ ಕಳೆಯಬೇಕು. ಪ್ರಯೋಗಾಲಯದ ಎತ್ತರವನ್ನೂ ಬಿಡುವಂತಿಲ್ಲ. ಸುಮಾರು 1,650 ಮೀಟರ್ ಎತ್ತರದಲ್ಲಿರುವ ಅಮೆರಿಕದ ಬೋಲ್ಡರ್ ನಗರದ ಗಡಿಯಾರ, ಗುರುತ್ವ ಕೊಂಚ ಸಡಿಲವಾಗಿರುವ ಕಾರಣ, ಸಮುದ್ರಮಟ್ಟದ ಗಡಿಯಾರಕ್ಕಿಂತ ವರ್ಷಕ್ಕೆ ಸುಮಾರು 5 ಮೈಕ್ರೊಸೆಕೆಂಡ್ ಮುಂದೆ ಓಡುತ್ತದೆ.

ಇಷ್ಟಾದರೂ ಒಂದೇ ಗಡಿಯಾರವನ್ನು ಯಾರೂ ನಂಬಿ ಕೂರುವುದಿಲ್ಲ. ನವದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯವೂ ಸೇರಿದಂತೆ ಹಲವು ದೇಶಗಳ ನೂರಾರು ಗಡಿಯಾರಗಳ ಅಂಕಿಅಂಶ ಪ್ಯಾರಿಸ್ ಬಳಿಯ ಅಂತರರಾಷ್ಟ್ರೀಯ ತೂಕ ಮತ್ತು ಅಳತೆಗಳ ಕಚೇರಿಗೆ ಹೋಗುತ್ತದೆ. ಸ್ಥಿರವಾಗಿ ನಡೆಯುವ ಗಡಿಯಾರದ ಮಾತಿಗೆ ಹೆಚ್ಚು ತೂಕ, ಅಲುಗಾಡುವುದಕ್ಕೆ ಕಡಿಮೆ. ಹೀಗೆ ಸರಾಸರಿ ತೆಗೆಯುತ್ತಾರೆ. ಯಾವ ಪ್ರಯೋಗಾಲಯ ಎಷ್ಟು ನ್ಯಾನೊಸೆಕೆಂಡ್ ತಪ್ಪಿತ್ತು ಎಂಬ ವರದಿ ತಿಂಗಳಿಗೊಮ್ಮೆ ಬರುತ್ತದೆ. ಅಂದರೆ ಅತ್ಯಂತ ನಿಖರವಾದ ಜಾಗತಿಕ ಸಮಯ ಗೊತ್ತಾಗುವುದು ಆ ಸಮಯ ಕಳೆದ ಮೇಲೆಯೇ!

ಈಗ ನಿಮ್ಮ ಪ್ರಶ್ನೆ ಇನ್ನಷ್ಟು ಬಿಗಿಯಾಗಿದೆ. ಸ್ಟ್ರಾನ್ಷಿಯಂನಂಥ ಪರಮಾಣುಗಳನ್ನು ಬೆಳಕಿನ ಕಂಪನದಿಂದ ಅಳೆಯುವ ಗಡಿಯಾರಗಳು ಸೀಸಿಯಂ ಅನ್ನು ನೂರು ಪಟ್ಟು ಮೀರಿಸಿವೆ. ಅವುಗಳ ನಿಖರತೆಯನ್ನು ಸೀಸಿಯಂನಿಂದ ಪರೀಕ್ಷಿಸಲಾಗದು, ವ್ಯಾಖ್ಯೆಯೇ ಹಿಂದೆ ಬಿದ್ದಿದೆ. ಅದಕ್ಕೇ ಅಂಥ ಎರಡು ಗಡಿಯಾರಗಳನ್ನು ಒಂದರ ಎದುರು ಇನ್ನೊಂದನ್ನಿಟ್ಟು ಪರೀಕ್ಷಿಸುತ್ತಾರೆ, ಸೆಕೆಂಡಿಗೆ ಹೊಸ ವ್ಯಾಖ್ಯೆ ಕೊಡುವ ಸಿದ್ಧತೆಯೂ ನಡೆದಿದೆ.