ಸಿಯಲ್ಲಿ ಸರಿ, ಪೈಥಾನಿನಲ್ಲಿ ತಪ್ಪು: ಓದುಗರ ಎರಡು ಪ್ರಶ್ನೆಗಳು

ಪ್ರಶ್ನೆ: ಕೃಷ್ಣರಾಜಸಾಗರದ ನೀರಿನ ಮಟ್ಟವನ್ನು ಅಡಿಯಿಂದ ಮೀಟರಿಗೆ ಪರಿವರ್ತಿಸುವ ಚಿಕ್ಕ ಫಂಕ್ಷನ್ ಒಂದನ್ನು ಸಿ ಭಾಷೆಯಲ್ಲಿ ಬರೆದು, ಸಿ ಫಂಕ್ಷನ್ನುಗಳನ್ನು ಪೈಥಾನಿನಿಂದ ಕರೆಯಲು ನೆರವಾಗುವ ಸಿಟೈಪ್ಸ್ ಮೂಲಕ ಕರೆಯುತ್ತಿದ್ದೇನೆ. ಅದು ಡಬಲ್ (8 ಬೈಟಿನ ದಶಮಾಂಶ ಸಂಖ್ಯೆ) ಪಡೆದು ಡಬಲ್ ಹಿಂತಿರುಗಿಸುತ್ತದೆ. ಗರಿಷ್ಠ ಮಟ್ಟವಾದ 124.80 ಅಡಿಯನ್ನು ಸಿ_ಡಬಲ್ ಆಗಿಸಿಯೇ ಕಳುಹಿಸಿದರೂ, ಬರಬೇಕಾದ 38.04 ಮೀಟರಿನ ಬದಲು ಅರ್ಥವಿಲ್ಲದ ಪೂರ್ಣಾಂಕವೊಂದು ಬರುತ್ತದೆ. ಸಿಯಲ್ಲೇ ಕರೆದರೆ ಉತ್ತರ ಸರಿಯಾಗಿದೆ. ತಪ್ಪೆಲ್ಲಿದೆ?
– ಇಂಜಿನಿಯರಿಂಗ್ ವಿದ್ಯಾರ್ಥಿ, ಮಂಡ್ಯ

ಉತ್ತರ: ನಿಮ್ಮ ಲೆಕ್ಕದಲ್ಲಿ ತಪ್ಪಿಲ್ಲ, ಅದರ ಫಲವನ್ನು ಪೈಥಾನ್ ಬೇರೆ ಜಾಗದಲ್ಲಿ ಹುಡುಕುತ್ತಿದೆ. ಸಿ ಫಂಕ್ಷನ್ ಕಂಪೈಲ್ ಆಗಿ ಲೈಬ್ರರಿಯೊಳಗೆ ಸೇರಿದ ಮೇಲೆ ಅಲ್ಲಿ ಅದರ ಹೆಸರು ಉಳಿಯುತ್ತದೆಯೇ ಹೊರತು, ಅದು ಏನನ್ನು ಪಡೆದು ಏನನ್ನು ಕೊಡುತ್ತದೆ ಎಂಬ ವಿವರ ಉಳಿಯುವುದಿಲ್ಲ. ನೀವು ಹೇಳದಿದ್ದರೆ, ಪ್ರತಿಯೊಂದು ಫಂಕ್ಷನ್ನೂ ಇಂಟ್, ಅಂದರೆ ಪೂರ್ಣಾಂಕ, ಹಿಂತಿರುಗಿಸುತ್ತದೆ ಎಂದೇ ಸಿಟೈಪ್ಸ್ ಭಾವಿಸುತ್ತದೆ. ಈಗಿನ 64 ಬಿಟ್‌ನ ಇಂಟೆಲ್ ಮಾದರಿಯ ಪ್ರೊಸೆಸರುಗಳಲ್ಲಿ ಡಬಲ್ ಉತ್ತರ ದಶಮಾಂಶ ಸಂಖ್ಯೆಗಳ ರಿಜಿಸ್ಟರಿನಲ್ಲಿ (ಪ್ರೊಸೆಸರಿನೊಳಗೆ ಸಂಖ್ಯೆ ಇಡುವ ಪುಟ್ಟ ಜಾಗ) ಬಂದು ಕೂರುತ್ತದೆ. ಪೈಥಾನ್ ಪೂರ್ಣಾಂಕಗಳ ರಿಜಿಸ್ಟರನ್ನು ತೆರೆದು, ಅಲ್ಲಿ ಹಿಂದಿನ ಕೆಲಸದಿಂದ ಉಳಿದಿದ್ದ ಕಸವನ್ನು ಎತ್ತಿಕೊಂಡು ಬರುತ್ತದೆ.

ಫಂಕ್ಷನ್ನಿನ ರೆಸ್‌ಟೈಪ್ (ಹಿಂತಿರುಗಿಸುವ ಉತ್ತರದ ಬಗೆ) ಸಿ_ಡಬಲ್ ಎಂದು ಒಂದು ಸಾಲು ಬರೆದರೆ ಇದು ಸರಿಹೋಗುತ್ತದೆ. ಆರ್ಗ್‌ಟೈಪ್ಸನ್ನೂ (ಪಡೆಯುವ ಮೌಲ್ಯಗಳ ಬಗೆ) ಬರೆದಿಡಿ, ಆಗ ಪ್ರತಿ ಸಲ ಸಿ_ಡಬಲ್ ಎಂದು ಸುತ್ತಿ ಕಳುಹಿಸುವ ಕೆಲಸ ತಪ್ಪುತ್ತದೆ. ಜಾಗ ಉಳಿಸಲೆಂದು 4 ಬೈಟಿನ ಫ್ಲೋಟಿಗೆ ಬದಲಾಯಿಸುವ ಆಸೆಯಾದರೆ, 124.80 ಅದರಲ್ಲಿ 124.800003 ಆಗುತ್ತದೆ ಎಂಬುದು ನೆನಪಿರಲಿ. ಅಣೆಕಟ್ಟೆಗೆ ಇದರಿಂದ ತೊಂದರೆಯಿಲ್ಲ, ಆದರೆ ಮಟ್ಟ 124.80ಕ್ಕೆ ಸಮವೇ ಎಂದು ಪೈಥಾನಿನಲ್ಲಿ ಹೋಲಿಸಿದರೆ ಅಲ್ಲವೆಂಬ ಉತ್ತರ ಬರುತ್ತದೆ.

ನೀವು ಕೇಳದ ಇನ್ನೊಂದು ವಿಷಯವನ್ನೂ ಹೇಳಿಬಿಡುತ್ತೇನೆ, ಏಕೆಂದರೆ ಇದಕ್ಕೆ ನಾನೇ ಒಮ್ಮೆ ಎರಡು ದಿನ ತೆತ್ತಿದ್ದೇನೆ. ಸಿಯ ಲಾಂಗ್ ಎಂಬ ಪೂರ್ಣಾಂಕದ ಬಗೆ 64 ಬಿಟ್ ಲಿನಕ್ಸಿನಲ್ಲಿ 8 ಬೈಟ್, 64 ಬಿಟ್ ವಿಂಡೋಸಿನಲ್ಲಿ 4 ಬೈಟ್. ದಿನವಹಿ ಒಳಹರಿವನ್ನು ಲಾಂಗ್ ಅರೇಯಲ್ಲಿ ತುಂಬಿಸಿ, ಪೈಥಾನಿನಲ್ಲಿ 64 ಬಿಟ್ ಪೂರ್ಣಾಂಕವೆಂದು ಓದಿದರೆ, ಕಾಲೇಜಿನ ಲಿನಕ್ಸಿನಲ್ಲಿ ಸರಿಯಾಗಿದ್ದದ್ದು ಮನೆಯ ವಿಂಡೋಸಿನಲ್ಲಿ ಎರಡೆರಡು ದಿನಗಳ ಅಂಕಿಗಳನ್ನು ಒಂದೇ ಸಂಖ್ಯೆಯಾಗಿ ಬೆಸೆದು ತೋರಿಸುತ್ತದೆ. ಗಾತ್ರವು ಹೆಸರಿನಲ್ಲೇ ಇರುವ ಇಂಟ್32, ಇಂಟ್64 ಬಗೆಗಳು 1999ರ ಸಿ ಮಾನಕದಿಂದಲೇ ಇವೆ. ಸಿ ಮತ್ತು ಪೈಥಾನಿನ ನಡುವಿನ ಗಡಿ ದಾಟುವ ಸಂಖ್ಯೆಗಳಿಗೆ ಅವನ್ನೇ ಬಳಸಿ.

ಪ್ರಶ್ನೆ: ಊರಿನ ಹೆಸರಿಗೆಂದು ಸಿ ಸ್ಟ್ರಕ್ಚರಿನಲ್ಲಿ 10 ಬೈಟ್ ಇಟ್ಟಿದ್ದೇನೆ. ‘ಮಂಡ್ಯ’ ಎಂಬ ಎರಡಕ್ಷರಕ್ಕೂ ಅದು ಸಾಲದೆ, ಪೈಥಾನ್ ಡಿಕೋಡ್ ದೋಷ ತೋರಿಸುತ್ತದೆ.
– ಓದುಗರು, ಮೈಸೂರು

ಉತ್ತರ: ಓದುವ ನಮಗೆ ಎರಡಕ್ಷರ, ಯುನಿಕೋಡಿಗೆ ಮ, ಅನುಸ್ವಾರ, ಡ, ವಿರಾಮ (ಒತ್ತಕ್ಷರ ಮಾಡಿಸುವ ‘್’ ಚಿಹ್ನೆ), ಯ ಎಂದು ಐದು ಸಂಕೇತ. ಯುನಿಕೋಡನ್ನು ಬೈಟುಗಳಾಗಿ ಬರೆಯುವ ಯುಟಿಎಫ್-8ರಲ್ಲಿ ಪ್ರತಿ ಕನ್ನಡ ಸಂಕೇತಕ್ಕೆ 3 ಬೈಟ್ ಬೇಕಾಗುವುದರಿಂದ ಒಟ್ಟು 15, ಪಠ್ಯ ಮುಗಿಯಿತೆಂದು ಸಿಗೆ ತಿಳಿಸುವ ಕೊನೆಯ ಸೊನ್ನೆ ಸೇರಿ 16. ನಿಮ್ಮ 10 ಬೈಟಿನಲ್ಲಿ ‘ಮಂಡ’ದವರೆಗೆ 9 ಹಿಡಿದು, ವಿರಾಮದ ಮೂರರಲ್ಲಿ ಒಂದು ಬೈಟ್ ಮಾತ್ರ ಒಳಗೆ ಸಿಕ್ಕಿಕೊಂಡಿದೆ, ಪೈಥಾನ್ ತಕರಾರು ತೆಗೆಯುತ್ತಿರುವುದು ಆ ಒಂಟಿ ಬೈಟಿನ ಬಗ್ಗೆ. ಅಳತೆಯನ್ನು ಬೈಟಿನಲ್ಲೇ ಮಾಡಿ: ‘ಶ್ರೀರಂಗಪಟ್ಟಣ’ಕ್ಕೆ 36 ಬೈಟ್, ಮೇಲೊಂದು ಸೊನ್ನೆ.